ಸಾದಾ ಬಳೆ

ಗಾಜು ದುರ್ಬಲ ಎನ್ನುವುದು ನಾವು ಹುಟ್ಟಿದಾಗಿನಿಂದ ಕೇಳುತ್ತ ಬಂದ ಸುಳ್ಳು. ಅದರ ಒಡಲು ಉಕ್ಕಿಗೆ ಸವಾಲು ಹಾಕುವಷ್ಟು ಗಟ್ಟಿ. ಕೆಟ್ಟಿರುವುದು ಚರ್ಮ. ಕಣ್ಣಿಗೆ ಕಾಣದ ಸಾವಿರಾರು ಗೀರುಗಳು ಅದರ ಮೈಮೇಲೆ ಬಾಯಿ ತೆರೆದು ಕೂತಿರುತ್ತವೆ. ಪೆಟ್ಟು ಬಿದ್ದಾಗ ಅವುಗಳಲ್ಲೊಂದು ಬಾಯಿ ಅಗಲವಾಗುತ್ತದೆ, ಅಲ್ಲಿಂದ ಬಿರುಕು ಹೊರಡುತ್ತದೆ, ರೆಪ್ಪೆ ಬಡಿಯುವಷ್ಟರಲ್ಲಿ ಆಚೆ ದಡ ಸೇರಿರುತ್ತದೆ. ಹಾಗಾದರೆ ಆ ಬಾಯಿಗಳನ್ನೆಲ್ಲ ಮುಚ್ಚಿಬಿಟ್ಟರೆ?

ಬೆಳಗಾವಿಯ ಉದ್ಯಮಬಾಗದಲ್ಲಿ, ಎರಡು ಫೌಂಡ್ರಿಗಳ ನಡುವೆ ಒತ್ತಿಕೊಂಡು ನಿಂತ ತಗಡಿನ ಶೆಡ್ಡಿನಲ್ಲಿ, ನಿರಂಜನ ಪತ್ತಾರ ಕೇಳಿಕೊಂಡ ಪ್ರಶ್ನೆ ಇಷ್ಟೇ. ಡ್ರಿಲ್ ಬಿಟ್ಟುಗಳಿಗೆ, ಪಂಪಿನ ಪಿಸ್ಟನ್ನುಗಳಿಗೆ ಲೋಹದ ತೆಳು ಪೊರೆ ಹೊದಿಸಿ ಅವುಗಳ ಆಯುಷ್ಯ ಹೆಚ್ಚಿಸಿ ಕೊಡುವ ಕಂಪನಿ ಅದು. ನಿರಂಜನ ಅಲ್ಲಿಯ ಸಂಶೋಧನಾ ವಿಭಾಗದ ಮುಖ್ಯಸ್ಥ. ಹಾಗೆಂದರೆ ಅವನು, ಇಬ್ಬರು ಸಹಾಯಕರು ಮತ್ತು ಒಂದು ನಿರ್ವಾತ ಚೇಂಬರು. ಚೇಂಬರಿನ ಗಾಳಿಯನ್ನೆಲ್ಲ ಹೀರಿ ತೆಗೆದು, ತುಸುವೇ ಆರ್ಗಾನ್ ಅನಿಲ ಬಿಟ್ಟು, ವಿದ್ಯುತ್ತು ಹಾಯಿಸಿದರೆ ಒಳಗೆ ನೇರಳೆ ಬೆಳಕು ಹೊತ್ತಿಕೊಳ್ಳುತ್ತದೆ. ಆ ಬೆಳಕಿನಲ್ಲಿ ಅನಿಲದ ಕಣಗಳು ಒಂದು ಲೋಹದ ಬಿಲ್ಲೆಗೆ ಹೋಗಿ ಬಡಿಯುತ್ತವೆ. ಬಿಲ್ಲೆಯಿಂದೆದ್ದ ಪರಮಾಣುಗಳು, ಹಿಟ್ಟಿನ ಗಿರಣಿಯಲ್ಲಿ ಧೂಳು ಕೂರುವ ಹಾಗೆ, ಎದುರಿಗಿಟ್ಟ ವಸ್ತುವಿನ ಮೇಲೆಲ್ಲ ಕೂರುತ್ತವೆ.

ನಿರಂಜನನ ಬಿಲ್ಲೆಯಲ್ಲಿ ಬಂಗಾರವಿತ್ತು, ತಾಮ್ರವಿತ್ತು, ಸಿಲಿಕಾನ್ ಇತ್ತು. ಬೇರೆ ಲೋಹಗಳಲ್ಲಿ ಪರಮಾಣುಗಳು ಪೊಲೀಸ್ ಕವಾಯತಿನ ಹಾಗೆ ಸಾಲು ಹಿಡಿದು ನಿಂತಿರುತ್ತವೆ. ಇದರಲ್ಲಿ ಸಾಲಿಲ್ಲ, ಬಸ್‌ಸ್ಟ್ಯಾಂಡಿನ ಜನ ಇದ್ದಕ್ಕಿದ್ದ ಹಾಗೆ ಕಲ್ಲಾದಂತೆ, ಎಲ್ಲಿದ್ದವು ಅಲ್ಲೇ. ಅದಕ್ಕೇ ಈ ಪೊರೆ ಬಿರುಕು ಬಾಯಿಬಿಟ್ಟ ಕಡೆಗೆ ತಾನಾಗಿ ಸರಿದು ತುಂಬಿಕೊಳ್ಳುತ್ತಿತ್ತು. ಕೂದಲೆಳೆಯನ್ನು ಉದ್ದಕ್ಕೆ ಸಾವಿರ ಸಲ ಸೀಳಿದರೂ ಅಷ್ಟು ತೆಳ್ಳಗಿನ ಎಳೆ ಸಿಗಲಾರದು. ಗಾಜಿನ ಮೇಲೆ ಹೊದಿಸಿದರೆ ಕಾಣುತ್ತಲೇ ಇರಲಿಲ್ಲ. ಗೋಕಾಕಿನಲ್ಲಿ ಅಕ್ಕಸಾಲಿಯಾಗಿದ್ದ ಅವನ ಅಪ್ಪ ಬದುಕಿದ್ದಾಗ ಇದನ್ನು ಕೇಳಿ, "ಬಂಗಾರ ಕಾಣಲಿಲ್ಲಂದ ಮ್ಯಾಲ ಅದನ್ನ ಯಾರಿಗೆ ತೋರಸ್ತೀಯೋ?" ಎಂದು ನಕ್ಕಿದ್ದರು.

ತೋರಿಸಲಿಕ್ಕೆ ಅವನು ಆರಿಸಿಕೊಂಡದ್ದು ಬಳೆ. ಗಾಜಿನಲ್ಲಿ ಅದಕ್ಕಿಂತ ಬೇಗ ಒಡೆಯುವುದು ಇನ್ನೊಂದಿಲ್ಲ, ಮತ್ತು ಅದು ಎಷ್ಟು ಬೇಗ ಒಡೆಯುತ್ತದೆನ್ನುವುದು ಎಲ್ಲರಿಗೂ ಗೊತ್ತು. ಖಡೇಬಜಾರಿನಿಂದ ಹಸಿರು ಬಳೆ ತಂದು ಪೊರೆ ಹೊದಿಸಿ, ಪಕ್ಕದ ಫೌಂಡ್ರಿಯ ಮಾಳಿಗೆ ಮೇಲಿಂದ ಸಿಮೆಂಟಿನ ನೆಲಕ್ಕೆ ಒಗೆದರು. ಅದು ನಾಣ್ಯದ ಹಾಗೆ ಟಣ್ಣೆಂದು ಪುಟಿದು, ಉರುಳುತ್ತ ಹೋಗಿ ಫೌಂಡ್ರಿಯ ಗೋಡೆಗೆ ತಾಗಿ ಮಲಗಿತು. ಸಹಾಯಕರು ಕೂಗಿಕೊಂಡು ಕುಣಿದರು. ನಿರಂಜನ ಓಡಿ ಹೋಗಿ ಅದನ್ನೆತ್ತಿ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಒಂದು ಗೀರೂ ಇರಲಿಲ್ಲ.

ಮೊದಲ ಸೆಟ್ಟನ್ನು ಅವನು ಕೊಟ್ಟದ್ದು ಅಕ್ಕನಿಗೆ.

ಅಕ್ಕ ಅನಸೂಯಾಳನ್ನು ಬೈಲಹೊಂಗಲಕ್ಕೆ ಕೊಟ್ಟಿತ್ತು. ಗಂಡ ಮೌನೇಶ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ; ನಗಿಸುವುದರಲ್ಲಿ ಎತ್ತಿದ ಕೈ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರು ಮತ್ತು ಮೌನೇಶನ ತಾಯಿ ನೀಲವ್ವ. ಅವ್ವ ಸತ್ತ ಮೇಲೆ ನಿರಂಜನನನ್ನು ಓದಿಸಿ ಬೆಳೆಸಿದವಳು ಈ ಅಕ್ಕ. ಅನಸಕ್ಕ ಕೈಗೆ ಸೋಪು ಹಚ್ಚಿಕೊಂಡು, ಮುಖ ಕಿವುಚಿಕೊಂಡು, ಎರಡೂ ಕೈಗೆ ಆ ಬಳೆ ಏರಿಸಿದಳು. ಅಳತೆ ಸಣ್ಣದಾಗಿತ್ತು.

"ಬಿಗಿ ಅದಾವಲ್ಲಕ್ಕ, ದೊಡ್ಡು ಮಾಡಿಕೊಡ್ತೀನಿ ತಡಿ," ಎಂದ ನಿರಂಜನ.

"ಬಿಗಿ ಇದ್ರನ ಚಂದ. ನನ್ನ ತಮ್ಮ ಮಾಡಿದ್ದು. ಜಾರಿ ಹೋಗಬಾರದು."

ಮೌನೇಶ ಅವಳ ಕೈ ಹಿಡಿದು ಬಾಗಿಲ ಚೌಕಟ್ಟಿಗೆ ಮೆಲ್ಲಗೆ ಬಡಿದು ನೋಡಿದ. "ಭಲೆ! ಇನ್ನ ಇವು ನನಗಿಂತ ಹೆಚ್ಚು ಬಾಳ್ತಾವ ಬಿಡೋ."

ಎಲ್ಲರೂ ನಕ್ಕರು. ಒಲೆಯ ಮುಂದಿದ್ದ ನೀಲವ್ವ ಮಾತ್ರ ನಗಲಿಲ್ಲ. "ಬಿಡ್ತು ಅನ್ನೋ, ಬಾಯಿಗೆ ಬಂದಂಗ ಮಾತಾಡ್ತಾನ," ಎಂದಳು.

*

ಕಂಪನಿಯ ಮಾಲೀಕರು ಶಿರಗಾಂವಕರ ಸಾಹೇಬರು. ಡ್ರಿಲ್ ಬಿಟ್ಟಿನಲ್ಲಿ ಇಲ್ಲದ್ದನ್ನು ಅವರು ಬಳೆಯಲ್ಲಿ ಕಂಡರು. ಅದಕ್ಕೆ 'ಅಖಂಡ' ಎಂದು ಹೆಸರಿಟ್ಟರು. ಡಬ್ಬಿಯ ಮೇಲೆ ಕುಂಕುಮದ ಬಟ್ಟು, ಕೆಳಗೆ 'ಎಂದೆಂದಿಗೂ' ಎಂಬ ಒಂದೇ ಮಾತು. ಮರುವರ್ಷದ ಶ್ರಾವಣಕ್ಕೆ ಹುಬ್ಬಳ್ಳಿ, ವಿಜಯಪುರ, ಕೊಲ್ಹಾಪುರದ ಅಂಗಡಿಗಳಲ್ಲೆಲ್ಲ ಅಖಂಡ ತೂಗುತ್ತಿತ್ತು. ಮದುವೆಯಲ್ಲಿ ಹುಡುಗಿಯ ಕಡೆಯವರು ಅದನ್ನೇ ಇಡುತ್ತಿದ್ದರು. ಬಟ್ಟೆ ಒಗೆಯುವ ಕಲ್ಲಿಗೆ, ಬಾವಿಯ ಗಡಗಡಿಗೆ, ಬಸ್ಸಿನ ಕಂಬಿಗೆ ಬಳೆ ಬಡಿದರೂ ಹೆಂಗಸರು ತಿರುಗಿ ನೋಡುವುದನ್ನು ಬಿಟ್ಟರು. ಶೆಡ್ಡಿನಲ್ಲಿ ಚೇಂಬರುಗಳು ಮೂರಾದವು, ಆಮೇಲೆ ಹನ್ನೆರಡಾದವು.

ಆ ದಿನಗಳಲ್ಲೇ ಒಂದು ವಿಚಿತ್ರ ಫ್ಯಾಷನ್ ಶುರುವಾಯಿತು. ಹೆಂಗಸರು ಕೈತುಂಬ ಅಖಂಡ ತೊಟ್ಟು, ಅದರ ಜೊತೆ ಒಂದೇ ಒಂದು ಸಾದಾ ಗಾಜಿನ ಬಳೆ ಹಾಕಿಕೊಳ್ಳುತ್ತಿದ್ದರು. ಮೊಳಕೈ ಕಡೆಗೆ, ಎಲ್ಲಕ್ಕಿಂತ ಹಿಂದೆ. ಬಳೆ ಅಂಗಡಿಯವರೂ ಕೇಳದೆಯೇ ಡಬ್ಬಿಯ ಜೊತೆ ಒಂದು ಸಾದಾ ಸುತ್ತಿ ಕೊಡುತ್ತಿದ್ದರು. ಯಾಕೆಂದು ಯಾರೂ ಹೇಳುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ನಿರಂಜನನ ಹೆಂಡತಿ ಪದ್ಮಜಾಳ ಕೈಯಲ್ಲೂ ಒಂದು ದಿನ ಅದು ಕಂಡಿತು.

"ಇದೊಂದು ಯಾಕ? ಒಡದು ಚುಚ್ಚೀತು," ಎಂದಿದ್ದ ಅವನು.

"ಇರ್ಲಿ ಬಿಡ್ರಿ. ಚಂದ ಕಾಣ್ತೈತಿ," ಎಂದು ಪದ್ಮಜಾ ಮಾತು ತಿರುಗಿಸಿದ್ದಳು.

ಲ್ಯಾಬಿನಲ್ಲಿ ಗಂಡಸರು ಚಹಾ ಕುಡಿಯುತ್ತ ಇದರ ಬಗ್ಗೆ ತರ್ಕ ಮಾಡಿದರು. ಸಾದಾ ಬಳೆಯ ಸದ್ದು ಇಂಪಾಗಿರಬಹುದು ಎಂದ ಒಬ್ಬ. ಹಾಗಿದ್ದರೆ ಪೊರೆಯ ದಪ್ಪ ಕಡಿಮೆ ಮಾಡಿ ಸದ್ದು ತಿದ್ದೋಣ ಎಂದ ನಿರಂಜನ. ಒಂದು ತಿಂಗಳು ಅದರ ಮೇಲೆ ಕೆಲಸವನ್ನೂ ಮಾಡಿದ.

ಅನಸಕ್ಕನ ಕೈಯಲ್ಲಿ ಮಾತ್ರ ಸಾದಾ ಇರಲಿಲ್ಲ. ಓಣಿಯ ಹೆಂಗಸರು ಒಂದು ಹಾಕಿಕೋ ಎಂದು ಕಣ್ಣಲ್ಲೇ ಹೇಳಿದ್ದಿರಬೇಕು. ಅವಳು ಕೇಳಿರಲಿಲ್ಲ. ತಮ್ಮನ ಬಳೆಯ ಪಕ್ಕಕ್ಕೆ ಅಂಗಡಿಯ ಗಾಜು ಕೂಡಿಸುವುದು ಅವಳಿಗೆ ತಮ್ಮನ ಮೇಲಿನ ಅಪನಂಬಿಕೆ ಎನಿಸಿತ್ತು.

*

ಮೌನೇಶ ಸತ್ತದ್ದು ಬೆಳಗಿನ ಪ್ರಾರ್ಥನೆಯ ಹೊತ್ತಿಗೆ, ಶಾಲೆಯ ಅಂಗಳದಲ್ಲಿ, ನಿಂತಲ್ಲೇ ಕುಸಿದು. ಸುದ್ದಿ ತಿಳಿದ ಕೂಡಲೇ ನಿರಂಜನ ಕಾರು ಹತ್ತಿದ. ದಾರಿಯಲ್ಲಿ ಒಮ್ಮೆ ಗಾಡಿ ನಿಲ್ಲಿಸಿ ಅತ್ತ. ಆಮೇಲೆ ಕಣ್ಣೊರೆಸಿಕೊಂಡು ಒಂದು ಮಾತನ್ನು ಸಿದ್ಧ ಮಾಡಿಕೊಂಡ. ಬಳೆ ಒಡೆಯುವುದು, ಕುಂಕುಮ ಅಳಿಸುವುದು, ಇದ್ಯಾವುದನ್ನೂ ಅಕ್ಕನಿಗೆ ಮಾಡಗೊಡಬಾರದು. ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ, "ಈ ಕಾಲದಾಗ ಇದೆಲ್ಲ ಬ್ಯಾಡ್ರಿ, ನಮ್ಮ ಅಕ್ಕನ ಕೈ ಯಾರೂ ಮುಟ್ಟಬ್ಯಾಡ್ರಿ," ಎನ್ನಬೇಕು. ಸಂಪಗಾಂವ ದಾಟುವವರೆಗೂ ಆ ಮಾತನ್ನು ಗಟ್ಟಿಯಾಗಿ ಹೇಳಿ ಹೇಳಿ ರೂಢಿ ಮಾಡಿಕೊಂಡ.

ಹೆಣ ಎತ್ತುವ ಮೊದಲು ಅನಸಕ್ಕನನ್ನು ತಂದು ಕಟ್ಟೆಯ ಪಕ್ಕ ಕೂರಿಸಿದರು. ಅವಳಿಗೆ ಮೈಮೇಲೆ ಎಚ್ಚರವಿದ್ದಂತಿರಲಿಲ್ಲ. ಶಾಸ್ತ್ರ ಮಾಡಬೇಕಾದವಳು ನೀಲವ್ವ; ಗಂಡನನ್ನು ಕಳೆದುಕೊಂಡ ಹಿರಿಯಳು ಮನೆಯಲ್ಲಿ ಅವಳೇ. ಒಳಗಿನಿಂದ ಖಾರ ಅರೆಯುವ ಗುಂಡುಕಲ್ಲು ತಂದಳು. ಸೊಸೆಯ ಎಡಗೈಯನ್ನು ಕಟ್ಟೆಯ ಅಂಚಿಗಿಟ್ಟು, ಚೂರು ಚುಚ್ಚಬಾರದೆಂದು ತನ್ನ ಸೆರಗನ್ನು ಅದರ ಮೇಲೆ ಹೊದಿಸಿದಳು. "ಆತು ಯವ್ವಾ, ಈಗ ಮುಗೀತೈತಿ," ಎಂದು ಕಿವಿಯಲ್ಲಿ ಹೇಳಿದಳು.

ಅಲ್ಲಿಯವರೆಗೆ ಅದು ನಿಜವೂ ಆಗಿತ್ತು. ಈ ಶಾಸ್ತ್ರದಲ್ಲಿ ಕರುಣೆ ಎನ್ನುವುದು ಒಂದಿದ್ದರೆ ಅದು ಗಾಜಿನ ಕರುಣೆ. ಒಂದು ಮೆಲ್ಲನೆಯ ಪೆಟ್ಟು, ಚಿಟ್ ಎಂಬ ಸದ್ದು, ಮುಗಿಯಿತು. ಮುದುಕಿಯರು ಅದನ್ನು ಮಗುವಿನ ಹಾಲುಹಲ್ಲು ಕೀಳುವಷ್ಟು ಬೇಗ ಮಾಡಿ ಮುಗಿಸುತ್ತಿದ್ದರು.

ನಿರಂಜನ ಎದ್ದು ನಿಂತ. ಮಾತು ನಾಲಿಗೆಯ ತುದಿಗೆ ಬಂದಿತ್ತು.

ಕಲ್ಲು ಬಿತ್ತು. ಸೆರಗಿನ ಕೆಳಗೆ ಟಣ್ ಎಂದಿತು.

ನೀಲವ್ವ ಸೆರಗು ಸರಿಸಿ ನೋಡಿ ಮತ್ತೆ ಹೊದಿಸಿದಳು. ಇನ್ನೊಂದು ಪೆಟ್ಟು, ಸ್ವಲ್ಪ ಜೋರು. ಟಣ್. ಮುಂದಿನದಕ್ಕೆ ಅವಳು ಸೆರಗು ತೆಗೆದುಬಿಟ್ಟಳು. ಅಕ್ಕಪಕ್ಕದ ಮುದುಕಿಯರು "ಅಡ್ಡ ಇಡು, ಅಡ್ಡ ಇಟ್ಟು ಹೊಡಿ," ಎಂದರು. ಕೈ ಹೊರಳಿಸಿ ಇಟ್ಟರು. ಕಲ್ಲು ಅಂಚಿಗೆ ಬಡಿದು ಕಟ್ಟೆಯ ಸಿಮೆಂಟು ಚಕ್ಕೆ ಎದ್ದಿತು. ಬಳೆ ಹಾಗೇ ಇತ್ತು.

ನಿರಂಜನ ನಿಂತೇ ಇದ್ದ. ಮಾತು ಇನ್ನೂ ಬಾಯಲ್ಲೇ ಇತ್ತು. ಅದನ್ನು ಹೊರಗೆ ಬಿಡದೆ ತಡೆದದ್ದು ಹೆದರಿಕೆಯಲ್ಲ, ಸಂಕೋಚವಲ್ಲ, ದುಃಖವೂ ಅಲ್ಲ. ಲ್ಯಾಬಿನಲ್ಲಿ ಅವರು ಬಳೆಯನ್ನು ನೆಲಕ್ಕೆ ಬೀಳಿಸಿ ನೋಡಿದ್ದರು, ಯಂತ್ರದಲ್ಲಿ ಹಿಂಡಿ ನೋಡಿದ್ದರು. ಆದರೆ ಅಡಿಯಲ್ಲಿ ಮೆತ್ತನೆಯ ಆಸರೆ, ಮೇಲಿಂದ ಒರಟು ಕಲ್ಲು, ಒಂದೇ ಜಾಗದ ಮೇಲೆ ಮತ್ತೆ ಮತ್ತೆ ಪೆಟ್ಟು. ಇಂಥ ಪರೀಕ್ಷೆ ಎಂದೂ ಆಗಿರಲಿಲ್ಲ. ಎಂಟು ವರ್ಷ ಹಳೆಯ ಪೊರೆ, ಸೋಪು ನೀರು ಕಂಡದ್ದು, ಬೂದಿ ಕಂಡದ್ದು. ಇನ್ನೊಂದು ಪೆಟ್ಟು ತಾಳೀತೇ? ತಾಳಿತು. ಇದನ್ನು? ಇದನ್ನೂ. ಅವನ ಎದೆಯಲ್ಲಿ ಏನೋ ಮೇಲೆ ಮೇಲೆ ಏರುತ್ತಿತ್ತು. ಅದು ಏನೆಂದು ಅವನಿಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಆಮೇಲೆ, ಆ ದಿನವನ್ನು ಎಷ್ಟು ಸಲ ತಿರುವಿ ಹಾಕಿದರೂ ಅದಕ್ಕೆ ಬೇರೆ ಹೆಸರು ಸಿಗಲಿಲ್ಲ. ಅದು ಹೆಮ್ಮೆ.

ಸದ್ದು ಬದಲಾದಾಗ ಅವನಿಗೆ ಎಚ್ಚರವಾಯಿತು. ಟಣ್ ಎನ್ನುವುದರ ಹಿಂದೆಯೇ ಹಸಿ ಕಡ್ಡಿ ಮುರಿದಂಥ ಇನ್ನೊಂದು ಸದ್ದು. ಅಷ್ಟು ಹೊತ್ತು ಬಾಯಿ ಬಿಡದಿದ್ದ ಅನಸಕ್ಕ ಕಿರುಚಿದಳು.

ನೀಲವ್ವ ಕಲ್ಲನ್ನು ಅಂಗಳದ ಆಚೆಗೆ ಎಸೆದಳು. "ಸಾಕು! ಕೈ ಮುರೀತು ನನ್ನ ಸೊಸಿದು! ನನ್ನ ಮಗ ಹಿಂಗ ಹೋಗ್ತಾನ, ಬಳಿ ಇರ್ಲಿ, ಎತ್ತ್ರಿ ಅವನ್ನ!"

ಅನಸಕ್ಕನ ಕೈಯಲ್ಲಿ ಬಳೆಗಳಿರುವಂತೆಯೇ ಹೆಣ ಎತ್ತಿದರು. ಗುಂಪಿನಲ್ಲಿ ಯಾರೋ, ಮಾಸ್ತರಗ ಹೋಗಾಕ ಮನಸಿಲ್ಲ, ಎಂದರು. ಇನ್ನಾರೋ ಮೊಬೈಲನ್ನು ಮೆಲ್ಲಗೆ ಕಿಸೆಗೆ ಇಳಿಸಿದರು.

*

ಬೆಳಗಾವಿಯ ಮೂಳೆ ಡಾಕ್ಟರು ನಡುವಯಸ್ಸಿನ ಹೆಂಗಸು. ಎಕ್ಸ್‌ರೇ ನೋಡಿ, ಊದುತ್ತಿದ್ದ ಮಣಿಕಟ್ಟು ನೋಡಿ, ಉಂಗುರ ಕತ್ತರಿಸುವ ಸಲಕರಣೆ ತರಿಸಿದರು. ಅದರ ಹಲ್ಲು ಬಳೆಯ ಮೇಲೆ ಎಣ್ಣೆ ಹಚ್ಚಿದಂತೆ ಜಾರಿತು. ಗೀರು ಬಿದ್ದರೂ ಪೊರೆ ಅದನ್ನು ತುಂಬಿಕೊಳ್ಳುತ್ತಿತ್ತು. ಬಳೆಗಳು ಆಗಲೇ ಮಾಂಸದಲ್ಲಿ ಹುಗಿದಿದ್ದವು. ಬೆರಳುಗಳು ನೀಲಿಗೆ ತಿರುಗುತ್ತಿದ್ದವು.

"ರಕ್ತ ಓಡಾಡಾಕ ದಾರಿ ಬೇಕ್ರಿ. ಇವು ಹೋಗಬೇಕು, ಇವತ್ತ ಹೋಗಬೇಕು. ಇಲ್ಲಾಂದ್ರ ಕೈ ಉಳಿಯೂದಿಲ್ಲ," ಎಂದರು ಡಾಕ್ಟರು. ಮತ್ತೆ ಅನಸಕ್ಕನ ಎರಡೂ ಕೈ ನೋಡಿ ಹುಬ್ಬು ಗಂಟಿಕ್ಕಿದರು. "ಇವರ ಕೈಯಾಗ ಒಂದೂ ಸಾದಾ ಇಲ್ಲಲ್ಲ?"

"ಸಾದಾ ಯಾಕ್ರಿ?"

"ಮಾಡಿದವರು ನೀವಂತೀರಿ. ನಿಮಗ ಗೊತ್ತಿಲ್ಲೇನು?" ಡಾಕ್ಟರು ದನಿ ತಗ್ಗಿಸಿದರು. "ಒಡಿಯಾಕ. ಮುಂದ ಎಂದರ ಒಂದಿನ ಬೇಕಾಗ್ತೈತೆಲ್ಲ, ಅದಕ್ಕ. ಅದೊಂದನ್ನ ಒಡದ್ರ ಶಾಸ್ತ್ರ ಮುಗೀತು. ಉಳದದ್ದನ್ನ ಆಮ್ಯಾಗ ಸೋಪು ಹಚ್ಚಿ ತಗೀತಾರ." ಅವರು ತಮ್ಮ ಬಿಳಿ ಕೋಟಿನ ತೋಳನ್ನು ಕೆಳಗೆಳೆದುಕೊಂಡರು. ಎಳೆದುಕೊಳ್ಳುವ ಮೊದಲು ಅಲ್ಲೂ ಒಂದು ಸಾದಾ ಬಳೆ ಇದ್ದದ್ದು ನಿರಂಜನನಿಗೆ ಕಂಡಿತು.

ನೆಲ ಬಾಯಿ ಬಿಟ್ಟಿದ್ದರೆ ಅವನು ಅಲ್ಲೇ ಇಳಿದು ಹೋಗುತ್ತಿದ್ದ. ಒಂದು ತಿಂಗಳು ಕೂತು ಅವನು ಸದ್ದು ತಿದ್ದಿದ್ದ.

ಪೊರೆ ಕಳಚಬೇಕು, ಅದೊಂದೇ ದಾರಿ. ಕೆಟ್ಟ ಡ್ರಿಲ್ ಬಿಟ್ಟುಗಳ ಪೊರೆ ತೆಗೆಯಲು ಲ್ಯಾಬಿನಲ್ಲಿ ಬಳಸುತ್ತಿದ್ದ ಆಮ್ಲ ಚರ್ಮವನ್ನೂ ಸುಟ್ಟೀತು. ಆದರೆ ಈ ಪೊರೆಯಲ್ಲಿ ಬಂಗಾರವಿದೆ, ಮತ್ತು ಬಂಗಾರವನ್ನು ಅಯೋಡಿನ್ ಕರಗಿಸುತ್ತದೆ. ಗಾಯಕ್ಕೆ ಹಚ್ಚುವ ಅದೇ ಕಂದು ಅಯೋಡಿನ್. ಇಷ್ಟು ತೆಳು ಪೊರೆಗೆ ಚರ್ಮ ತಾಳುವಷ್ಟು ಸಪ್ಪೆ ದ್ರಾವಣವೇ ಸಾಕಾದೀತು. ನಿರಂಜನ ಅಕ್ಕನನ್ನು ಕಾರಿನಲ್ಲಿ ಉದ್ಯಮಬಾಗಕ್ಕೆ ಕರೆದೊಯ್ದ. ಡಾಕ್ಟರು ಪಕ್ಕದಲ್ಲಿ ಕೂತು, ಮುರಿದ ಕೈಗೆ ಹಲಗೆ ಕಟ್ಟಿ ಹಿಡಿದುಕೊಂಡೇ ಬಂದರು.

ಗೇಟಿನಲ್ಲಿ ಶಿರಗಾಂವಕರ ಸಾಹೇಬರು ಕಾಯುತ್ತಿದ್ದರು. ಅವರ ಕಣ್ಣು ನಿಜವಾಗಿಯೂ ತೇವವಾಗಿತ್ತು. "ಭಾಳ ಕೆಟ್ಟಾತು, ಪತ್ತಾರ. ಭಾಳ ಕೆಟ್ಟಾತು," ಎಂದು ಅವನ ಭುಜ ಹಿಡಿದರು. ಅನಸಕ್ಕನನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಅವನನ್ನು ಒಂದು ಗಳಿಗೆ ತಡೆದು ನಿಲ್ಲಿಸಿದರು. "ವಿಡಿಯೋ ಬಂದೈತಿ ನನಗ. ನೋಡಿದೆ. ಆ ಕಲ್ಲು... ಎಂಥಾ ಕಲ್ಲದು? ಎಷ್ಟು ತೂಕ ಇದ್ದೀತು?"

ಕೇಳುತ್ತಿದ್ದ ಹಾಗೆ ಅವರ ತುಟಿಯ ಒಂದು ಕೊನೆ, ಅವರಿಗೇ ಗೊತ್ತಿಲ್ಲದೆ, ಮೇಲಕ್ಕೆ ಎಳೆದುಕೊಂಡಿತು. ಅವರು ಅದನ್ನು ಕೂಡಲೇ ಒರೆಸಿ ಹಾಕಿದರು. ನಿರಂಜನನಿಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ತನ್ನ ಮುಖದ ಮೇಲೆ ಅಂಗಳದಲ್ಲಿ ಇದ್ದದ್ದು ಇದೇ ಎಂದು ಕನ್ನಡಿಯಲ್ಲಿ ಕಂಡ ಹಾಗೆ ಕಂಡಿತು.

"ಖಾರ ಅರಿಯೂ ಕಲ್ಲರಿ," ಎಂದು ಹೇಳಿ ಒಳಗೆ ಹೋದ.

ಲ್ಯಾಬಿನಲ್ಲಿ ಚೇಂಬರುಗಳು ಓಡುತ್ತಿದ್ದವು. ದಪ್ಪ ಗಾಜಿನ ಕಿಂಡಿಯಾಚೆ, ನೇರಳೆ ಬೆಳಕಿನಲ್ಲಿ, ನೂರಾರು ಹಸಿರು ಬಳೆಗಳು ಸರಳಿಗೆ ಪೋಣಿಸಿಕೊಂಡು ನಿಧಾನ ತಿರುಗುತ್ತಿದ್ದವು. ಅನಸಕ್ಕ ಕುರ್ಚಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದಳು.

"ಇದ ಏನೋ, ನೀ ಹೇಳ್ತಿದ್ದ ಬೆಂಕಿ?"

"ಹೂಂ ಅಕ್ಕ. ಬೆಂಕಿ ಅಲ್ಲ ಅದು."

"ಚಂದ ಐತಿ." ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಅದೇ ಅವನಿಗೆ ತಡೆಯದಾಯಿತು.

ಗಾಜಿನ ತಟ್ಟೆಯಲ್ಲಿ ಕಂದು ದ್ರಾವಣ ಸುರಿದು ಅವಳ ಎಡಗೈ ಅದರಲ್ಲಿ ಇಳಿಸಿದರು. ತೆರೆದ ಗಾಯ ಉರಿದು ಅವಳು ಹಲ್ಲು ಕಚ್ಚಿದಳು. ಬಳೆಗಳ ಮೇಲಿಂದ ಏನೋ ಹೊಗೆಯಂಥದು ಎದ್ದು ನೀರಿನಲ್ಲಿ ಕರಗಿತು. ಆಮೇಲೆ ನಿರಂಜನ ವಜ್ರದ ಮೊನೆಯಿಂದ ಒಂದು ಬಳೆಯ ಮೇಲೆ ಸಣ್ಣ ಗೀರು ಎಳೆದ. ಈ ಸಲ ಗೀರು ಮುಚ್ಚಲಿಲ್ಲ. ಡಾಕ್ಟರು ಇಕ್ಕಳ ಅವನ ಕೈಗೆ ಕೊಟ್ಟರು. "ನಾ ಕೈ ಹಿಡಕೋಬೇಕು. ನೀವ ಒಡೀರಿ."

ಯಾರೂ ಅಕ್ಕನ ಕೈ ಮುಟ್ಟಬಾರದು ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದವನು ಒಂದೊಂದಾಗಿ, ತನ್ನ ಕೈಯಾರೆ, ಅಕ್ಕನ ಎಡಗೈಯ ಬಳೆಗಳನ್ನು ಒಡೆದ. ಚಿಟ್, ಚಿಟ್. ಕೆಲಸ ಮುಗಿಯುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಬೆರಳಿಗೆ ಬಣ್ಣ ಮರಳಿತು. ಬಲಗೈ ತಟ್ಟೆಯ ಕಡೆ ಹೊರಳಿಸಹೋದಾಗ ಅನಸಕ್ಕ ಅದನ್ನು ಮಡಿಲಿಗೆ ಎಳೆದುಕೊಂಡಳು.

"ಇದು ಇರ್ಲಿ. ಇದೇನು ಊದಿಲ್ಲ. ಅವಸರಿಲ್ಲ."

ನಿರಂಜನನ ಬೆರಳುಗಳು ಅಯೋಡಿನ್‌ಗೆ ಕಂದಾಗಿದ್ದವು. ಎಷ್ಟು ತೊಳೆದರೂ ಹೋಗಲಿಲ್ಲ.

*

ಮನೆಯಲ್ಲಿ ಪದ್ಮಜಾ ರೊಟ್ಟಿ ಬಡಿಯುತ್ತಿದ್ದಳು. ಬಳೆಗಳನ್ನು ಮೊಳಕೈ ತನಕ ಏರಿಸಿಕೊಂಡಿದ್ದಳು. ಸಾದಾ ಬಳೆ ಎಲ್ಲಕ್ಕಿಂತ ಮೇಲೆ, ಹಿಟ್ಟು ತಾಗದ ಹಾಗೆ ಜೋಪಾನವಾಗಿತ್ತು. ನಿರಂಜನ ಅಡುಗೆಮನೆಯ ಬಾಗಿಲಲ್ಲಿ ನಿಂತು ಬಹಳ ಹೊತ್ತು ಅದನ್ನೇ ನೋಡಿದ.

"ಅದು ನನ್ನ ಸಲುವಾಗೇನು?" ಎಂದ.

ಪದ್ಮಜಾಳ ಕೈ ನಿಂತಿತು. ಅವಳು ತಿರುಗಲಿಲ್ಲ. "ನಮ್ಮವ್ವ ಹಾಕಿದ್ದು. ಬ್ಯಾಡ ಅನ್ನಾಕ ಆಗಲಿಲ್ಲ. ಎಲ್ಲಾರೂ ಹಾಕ್ಕೊಂಡಾರ."

"ನನಗ ಯಾಕ ಹೇಳಲಿಲ್ಲ?"

"ಹೆಂಗ ಹೇಳ್ಬೇಕಿತ್ತು? ನೀವು ಸತ್ತಾಗ ಬೇಕಾಗ್ತೈತ್ರಿ ಅಂತ, ಹಿಂಗ ರೊಟ್ಟಿ ಬಡಕೋತ ಹೇಳ್ಲೇನು?" ರೊಟ್ಟಿ ಹೆಂಚಿಗೆ ಬಿತ್ತು. "ನಿಮಗ ಗೊತ್ತೈತಿ ಅಂದ್ಕೊಂಡಿದ್ದೆ. ಮಾಡಿದವರಿಗೆ ಗೊತ್ತಿಲ್ಲದ ಇರ್ತೈತೇನು ಅಂತ. ಅನಸಕ್ಕಗ ನಾನ ಹೇಳಬೇಕಿತ್ತು. ಹೇಳಲಿಲ್ಲ. ನೀವು ಬ್ಯಾಸರ ಮಾಡ್ಕೋತೀರಿ ಅಂತ."

ನಿರಂಜನ ರೊಟ್ಟಿ ತಿಂದ.

ಮುಂದಿನ ವಾರಗಳಲ್ಲಿ ಅವನು ಮಾಡಬಹುದಾದ್ದನ್ನು ಮಾಡಿದ. ಅಖಂಡದ ಪ್ರತಿ ಡಬ್ಬಿಯ ಜೊತೆ ಪೊರೆ ಕಳಚುವ ದ್ರಾವಣದ ಸಣ್ಣ ಬಾಟಲಿ ಇಡೋಣ ಎಂದ. "ಬಾಟಲಿ ಇಟ್ಟ್ರ, ಎಂದೆಂದಿಗೂ ಅಂದ ಮಾತಿಗೆ ಏನರ್ಥ?" ಎಂದು ಸಾಹೇಬರು ಕೇಳಿದರು. ಸಿಟ್ಟಿನಿಂದಲ್ಲ, ನಿಜವಾಗಿಯೂ ಅರ್ಥವಾಗದೆ. ನಿರಂಜನ ದ್ರಾವಣ ತಯಾರಿಸುವ ಕ್ರಮವನ್ನು ಆ ಡಾಕ್ಟರಿಗೆ ಬರೆದು ಕೊಟ್ಟ. ಅವರು ತಮ್ಮ ಗೆಳತಿಯರಿಗೆ ಕೊಟ್ಟರು. ಬೇರೆ ಊರುಗಳಲ್ಲೂ ಕೈ ಮುರಿದುಕೊಂಡವರು ಇದ್ದರಂತೆ. ಇದ್ದೇ ಇರುತ್ತಾರೆ. ಮನೆಯವರು ಕಾಲುಜಾರಿ ಬಿದ್ದದ್ದು ಎಂದು ಹೇಳಿ ಕಟ್ಟು ಹಾಕಿಸಿಕೊಂಡು ಹೋಗಿದ್ದರು. ನಾಚಿಕೆ ಪಡುವುದರಲ್ಲಿ ಅವನು ಒಂಟಿಯಾಗಿರಲಿಲ್ಲ; ಅದರಿಂದ ಅದು ಹಗುರವೂ ಆಗಲಿಲ್ಲ.

*

ಮಳೆಗಾಲ ಮುಗಿಯುವಾಗ ಅನಸಕ್ಕ ಫೋನು ಮಾಡಿದಳು. "ಆ ಔಷಧ ತಗೊಂಡು ಬಾರೋ. ಬಲಗೈದು ತಗದು ಬಿಡೂಣ."

ಬೈಲಹೊಂಗಲದ ಮನೆಯ ಪಡಸಾಲೆಯಲ್ಲಿ ಅವಳು ತಾನೇ ಬೋಗುಣಿ ತಂದಿಟ್ಟುಕೊಂಡು ಕೂತಳು. ಪ್ಲಾಸ್ಟರು ಬಿಚ್ಚಿದ್ದರು, ಎಡ ಮಣಿಕಟ್ಟು ಸ್ವಲ್ಪ ಸೊಟ್ಟಗೆ ಕೂಡಿಕೊಂಡಿತ್ತು. ಗೋಡೆಯ ಮೇಲೆ ಮೌನೇಶ ಬಿಡಿಸಿದ ಅವಳದೇ ಚಿತ್ರ. ಅದರಲ್ಲಿ ಅವಳ ಕೈಗಳೆರಡೂ ನೆಟ್ಟಗಿದ್ದವು. ನೀಲವ್ವ ಕಂಬಕ್ಕೆ ಒರಗಿ ಕೂತಿದ್ದಳು. ಅವಳು ಆ ದಿನದಿಂದ ಖಾರ ಅರೆದಿರಲಿಲ್ಲ. ಮನೆಗೆ ಮಿಕ್ಸಿ ಬಂದಿತ್ತು.

ಕೈ ಕಂದು ನೀರಿಗಿಳಿಯಿತು. ಹೊಗೆ ಎದ್ದಿತು.

"ಪೊರಿ ಅಷ್ಟ ಹೋಗಲಿ," ಎಂದಳು ಅನಸಕ್ಕ. "ಬಳಿ ಒಡೀಬ್ಯಾಡ."

"ಮತ್ತ?"

"ಸಾದಾ ಆಗಲಿ. ಎಲ್ಲಾರ ಬಳಿ ಹಂಗ ಒಡಿಯೂವಂಥಾವು ಆಗಲಿ. ತಾವ ಒಡದ ದಿನ ಒಡೀಲಿ."

ನೀಲವ್ವ ತನ್ನ ಬರಿಗೈಯನ್ನು ಒಮ್ಮೆ ನೋಡಿಕೊಂಡಳು.

ಅನಸಕ್ಕ ನೀರಿನಲ್ಲಿ ಬೆರಳಾಡಿಸಿದಳು. "ಆವತ್ತು ನಾ ನಿನ್ನ ಮಾರಿ ನೋಡಾಕತ್ತಿದ್ದೆ. ನನಗ ಖಬರ ಇಲ್ಲ ಅಂತ ಎಲ್ಲಾರೂ ತಿಳಕೊಂಡಿದ್ರು. ಖಬರ ಇತ್ತು. ಈಗ ನಿಲ್ಲಸ್ತಾನ, ಈಗ ನಿಲ್ಲಸ್ತಾನ ಅಂತ ನೋಡಾಕತ್ತಿದ್ದೆ."

ನಿರಂಜನ ಬೋಗುಣಿಯ ಕಡೆ ನೋಡಿದ.

"ನಿನ್ನ ತುಟಿ ಅಲ್ಲಾಡತಿದ್ವು. ದೇವರ ನಾಮ ಹೇಳಾಕತ್ತಾನ ಅಂದ್ಕೊಂಡೆ ಮೊದಲಿಗೆ. ಸಣ್ಣಂವ ಇದ್ದಾಗ ಮಗ್ಗಿ ಹೇಳೂ ಮುಂದ ಹಿಂಗ ಅಲ್ಲಾಡತಿದ್ವು. ಆಗ ತಿಳೀತು." ಅವಳ ದನಿ ಎತ್ತರಕ್ಕೆ ಹೋಗಲಿಲ್ಲ. "ಎಷ್ಟಾಗಿದ್ವೋ ಪೆಟ್ಟು?"

"ಅಕ್ಕಾ..."

"ಹೇಳು. ನಿನಗ ಗೊತ್ತೈತಿ."

ಅವನಿಗೆ ಗೊತ್ತಿತ್ತು. ಮರೆಯಲು ಮಾಡಿದ ಪ್ರಯತ್ನದಲ್ಲೇ ಅದು ಇನ್ನೂ ಆಳಕ್ಕೆ ಇಳಿದಿತ್ತು. "ಹದಿನಾರು."

"ನಾ ಹದಿನಾಲ್ಕು ಅಂದ್ಕೊಂಡಿದ್ದೆ," ಎಂದಳು ಅನಸಕ್ಕ. "ನಡುವಿನ ಎರಡು ನನಗ ತಿಳೀಲೇ ಇಲ್ಲ."

ಅವಳು ಕೈ ಮೇಲಕ್ಕೆತ್ತಿ ಸೆರಗಿನಿಂದ ಒರೆಸಿಕೊಂಡಳು. ಬಳೆಗಳು ಮುಂಚಿನ ಹಾಗೇ ಹಸಿರಾಗಿದ್ದವು. ನೋಡಿದವರಿಗೆ ಏನೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಆದರೆ ಎಂಟು ವರ್ಷ ಅವುಗಳನ್ನು ಎಲ್ಲೆಂದರಲ್ಲಿ ಬಡಿದುಕೊಂಡು ಓಡಾಡಿದವಳು ಈಗ ಏಳುವಾಗ ಆ ಕೈಯನ್ನು ಹಾಲಿನ ಪಾತ್ರೆ ಹಿಡಿದ ಹಾಗೆ ಹಿಡಿದು ಎದ್ದಳು.

"ಕೂಡು. ಚಾ ಮಾಡ್ತೀನಿ," ಎಂದಳು.

ನಿರಂಜನ ಕೂತ. ಅಡುಗೆಮನೆಯಿಂದ ಪಾತ್ರೆಯ ಸದ್ದು, ಬಳೆಯ ಸದ್ದು. ಇಂಪಾದ ಸದ್ದೇ. ಪ್ರತಿ ಸಲವೂ ಅವನು ಅತ್ತ ತಿರುಗಿ ನೋಡುತ್ತಿದ್ದ. ಅವಳು ಕಪ್ಪುಗಳನ್ನು ಹಿಡಿದು ಬಾಗಿಲು ದಾಟುವಾಗ ಸೊಟ್ಟ ಕೈ ತುಸು ನಡುಗಿತು. ಅದನ್ನು ಸಂಭಾಳಿಸಲು ಬಲಗೈ ಸರಿದು ಚೌಕಟ್ಟಿಗೆ ತಾಗಿತು. ಮೌನೇಶ ಒಮ್ಮೆ ಬಡಿದು ನೋಡಿದ ಅದೇ ಚೌಕಟ್ಟು.

ಚಿಟ್.

ಆ ಕಡೆ ಬಳೆ ಒಡೆಯಿತು ಎನ್ನುವುದು ಅಶುಭ, ಯಾರೂ ಹಾಗೆ ಅನ್ನುವುದಿಲ್ಲ. "ಹೆಚ್ಚಿತು," ಎಂದಳು ಅನಸಕ್ಕ, ಎಲ್ಲ ಹೆಂಗಸರೂ ಅನ್ನುವ ಹಾಗೆ, ಚಹಾ ಚೆಲ್ಲದಂತೆ ನಿಂತುಕೊಂಡು. ಅವಳ ಮುಖದಲ್ಲಿ ಅಳುವಿಗೂ ನಗುವಿಗೂ ನಡುವಿನ ಏನೋ ಒಂದು ಬಂದು ಹೋಯಿತು. ನೀಲವ್ವ, "ಕಾಲಾಗ ಚುಚ್ಚೀತ ಯವ್ವಾ, ಅಲ್ಲೇ ನಿಲ್ಲು," ಎಂದಳು.

ನಿರಂಜನ ಎದ್ದು ಬಂದು ಅಕ್ಕನ ಕಾಲಬುಡದಲ್ಲಿ ಕುಕ್ಕರುಗಾಲಲ್ಲಿ ಕೂತ. ಕಂದು ಕಲೆಯ ಬೆರಳುಗಳಿಂದ ಒಂದೊಂದೇ ಚೂರು ಆರಿಸಿ ಅಂಗೈಗೆ ಹಾಕಿಕೊಂಡ. ದೊಡ್ಡ ಚೂರೊಂದು ಕೈಗೆ ಬಂದಾಗ, ತಾನೇನು ಮಾಡುತ್ತಿದ್ದೇನೆಂದು ಅರಿವಾಗುವ ಮೊದಲೇ, ಅದನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದ. ಒಡೆದ ಮುಖವನ್ನು ನಿಧಾನ ತಿರುಗಿಸಿದ. ಬಿರುಕು ಹೊರಟ ಜಾಗ ಯಾವಾಗಲೂ ಕನ್ನಡಿಯಂತೆ ನುಣ್ಣಗಿರುತ್ತದೆ, ಸಾಸಿವೆಯಷ್ಟು ಅಗಲ. ಅದನ್ನು ಹುಡುಕುತ್ತಿದ್ದ.

ತಲೆ ಎತ್ತಿದಾಗ ಅನಸಕ್ಕ ಎರಡು ಕಪ್ಪು ಹಿಡಿದು ಅವನನ್ನೇ ನೋಡುತ್ತಿದ್ದಳು.

"ಸಿಕ್ತೇನೋ?" ಎಂದಳು.

ಸಿಕ್ಕಿತ್ತು. ಚೂರು ಅವನ ಎರಡು ಬೆರಳುಗಳ ನಡುವೆ ಹಾಗೇ ಇತ್ತು. ಅದನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.